ಮೊದಲು ಹೋದ ಮಾತು

ಬ್ಯಾಡಗಿ ದಾಟಿ ಸ್ವಲ್ಪ ದೂರ ಹೋಗಿರಬೇಕು, ರೈಲುಗಾಡಿ ಜಗ್ಗಿದಂತಾಗಿ ನಿಂತಿತು. ಕಿಟಕಿಯಿಂದ ಸುಟ್ಟ ಕಬ್ಬಿಣದ ವಾಸನೆ ಒಳಗೆ ಬಂತು. ಓಡುವ ಗಾಲಿಯನ್ನು ಬ್ರೇಕು ಒಮ್ಮೆಲೇ ಬಿಗಿಹಿಡಿದಾಗ ಏಳುವ ವಾಸನೆ ಅದು. ನಾಲಿಗೆಯ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ. ಹಾವೇರಿಯ ಕಾಲೇಜಿನಲ್ಲಿ ಪಾಠ ಹೇಳಲು ರಾಣೆಬೆನ್ನೂರಿನಿಂದ ದಿನವೂ ಇದೇ ಗಾಡಿಯಲ್ಲಿ ಹೋಗುತ್ತೇನೆ. ಅದು ನಡುದಾರಿಯಲ್ಲಿ ನಿಲ್ಲುವುದು ನನಗೆ ಹೊಸದಲ್ಲ. ಆದರೆ ಹೀಗೆ ನಿಂತದ್ದು ಇದೇ ಮೊದಲು.

ಬಾಗಿಲ ಬಳಿಯಿದ್ದವನೊಬ್ಬ ಕೆಳಗಿಳಿದು ನೋಡಿ ಬಂದ.

"ಎಮ್ಮಿ ಬಡದೈತಂತ."

"ಮನಷಾ ಅಲ್ಲ, ಹೌದಿಲ್ಲೋ?" ಎಂದಳು ನನ್ನೆದುರಿಗೆ ಸೊಪ್ಪಿನ ಗಂಟು ಇಟ್ಟುಕೊಂಡು ಕುಳಿತಿದ್ದ ಹೆಂಗಸು. "ಹಂಗಾರ ಲಗೂ ಬಿಡ್ತಾರ ತಗೋ."

"ನಿನ್ನ ಎಮ್ಮಿ ಆಗಿದ್ರ ಗೊತ್ತಾಕ್ಕಿತ್ತು ನಿನಗ," ಎಂದಳು ಪಕ್ಕದವಳು.

ಎಲ್ಲರೂ ನಕ್ಕರು. ನನಗೆ ನಗಲಾಗಲಿಲ್ಲ. ಸತ್ತದ್ದು ಏನು ಎಂಬುದರ ಮೇಲೆ ಗಾಡಿ ಎಷ್ಟು ಹೊತ್ತು ನಿಲ್ಲಬೇಕೆಂಬುದು ತೀರ್ಮಾನವಾಗುತ್ತದೆ ಎಂದು ನನಗೆ ಮೊದಲು ಹೇಳಿದವರು ನಮ್ಮ ಎದುರುಮನೆಯ ಮಾಸ್ತರ ಕಾಕಾ...

ಅವರು ಶಾಲೆಯ ಮಾಸ್ತರಲ್ಲ, ಸ್ಟೇಷನ್ ಮಾಸ್ತರು. ಮನೆ ರಾಣೆಬೆನ್ನೂರಿನಲ್ಲಿ, ನಮ್ಮ ಓಣಿಯಲ್ಲೇ. ಕೆಲಸ ಈ ಭಾಗದ ಒಂದು ಸಣ್ಣ ನಿಲ್ದಾಣದಲ್ಲಿ. ದೊಡ್ಡ ಗಾಡಿಗಳು ಅಲ್ಲಿ ನಿಲ್ಲುತ್ತಿರಲಿಲ್ಲ. ಹಾಯ್ದು ಹೋಗುವ ಪ್ರತಿಯೊಂದು ಗಾಡಿಗೂ ಅವರು ಹೊರಗೆ ಬಂದು ಹಸಿರು ಬಾವುಟ ಹಿಡಿದು, ಕಡೆಯ ಡಬ್ಬಿ ಕಣ್ಮರೆಯಾಗುವವರೆಗೆ ನೋಡುತ್ತ ನಿಲ್ಲಬೇಕಿತ್ತು. ಆ ರೂಢಿ ಮನೆಯಲ್ಲೂ ಬಿಟ್ಟಿರಲಿಲ್ಲ. ಓಣಿಯಲ್ಲಿ ಮೆಣಸಿನಕಾಯಿ ಚೀಲ ಹೇರಿದ ಟ್ರ್ಯಾಕ್ಟರ್ ಹೋದರೂ ಕಟ್ಟೆಯಿಂದ ಎದ್ದು ನಿಂತು, ಅದು ತಿರುವಿನಲ್ಲಿ ಮರೆಯಾದ ಮೇಲೇ ಕೂರುತ್ತಿದ್ದರು.

"ಬಾವುಟಾ ತಂದು ಕೊಡ್ಲೇನ್ರಿ?" ಎಂದು ಅವರ ಹೆಂಡತಿ, ನಮ್ಮೆಲ್ಲರ ಕಾಕು, ಒಳಗಿನಿಂದ ಚುಚ್ಚುತ್ತಿದ್ದರು.

ನಾನು ಹೈಸ್ಕೂಲಿನಲ್ಲಿದ್ದಾಗ ಸೈಕಲ್ಲಿನಿಂದ ಬಿದ್ದು ಮೊಣಕಾಲು ತರಚಿಕೊಂಡು ಬಂದೆ. ಮಾಸ್ತರು ಕಟ್ಟೆಯ ಮೇಲಿಂದಲೇ ಕೇಳಿದರು. "ಪೆಟ್ಟು ನಿನಗಾತೋ, ಸೈಕಲ್ಲಿಗಾತೋ? ದಾರಿ ಬಂದ್ ಆಗಿತ್ತೋ ಇಲ್ಲೋ?" ನಮ್ಮ ಅವ್ವನಿಗೆ ಸಿಟ್ಟು ಬಂತು. ಆಮೇಲೆ ಮಾಸ್ತರೇ ಅರಿಸಿನ ತಂದು ಹಚ್ಚಿಸಿ, ನಾನು ಅಳು ಮರೆಯಲೆಂದೋ ಏನೋ, ವಿವರಿಸತೊಡಗಿದರು. ರೈಲ್ವೆಯ ಲೆಕ್ಕದಲ್ಲಿ ಅಪಘಾತಕ್ಕೂ ಬಗೆಗಳಿವೆ: ಜೀವ ಹೋದರೆ ಒಂದು ಬಗೆ, ಗಾಯವಾದರೆ ಇನ್ನೊಂದು, ಬರೀ ಸಾಮಾನು ಹಾಳಾಗಿ ದಾರಿ ನಿಂತರೆ ಮತ್ತೊಂದು. ಯಾರಿಗೂ ಏನೂ ಆಗದೆ ಸ್ವಲ್ಪದರಲ್ಲಿ ತಪ್ಪಿದರೂ ಅದಕ್ಕೊಂದು ಹೆಸರಿದೆ, ಅದನ್ನೂ ಮೇಲಕ್ಕೆ ತಿಳಿಸಲೇಬೇಕು. "ಫೋನಿನ್ಯಾಗ ಮೊದಲಿಗೆ ಏನ್ ಹೇಳ್ತೀವಿ, ಮುಂದಿಂದೆಲ್ಲಾ ಅದರ ಮ್ಯಾಲೆ ನಿಂತಿರತೈತಿ ತಂಗಿ. ಯಾರು ಬರಬೇಕು, ಏನು ವಿಚಾರಣಿ ಆಗಬೇಕು, ಎಲ್ಲಾ."

ಆ ಮಾತಿನ ಭಾರ ನನಗೆ ಆಗ ತಿಳಿಯಲಿಲ್ಲ. ಬಹುಶಃ ಅವರಿಗೂ ಪೂರ್ತಿ ತಿಳಿದಿರಲಿಲ್ಲ.

ಅವರಿಗೊಬ್ಬ ಗೆಳೆಯನಿದ್ದ. ಕುಪ್ಪೇಲೂರಿನವನು. ಹಳಿಯ ಗುಂಟ ದಿನವೂ ನಡೆದು, ಹಳಿಯನ್ನು ಹಿಡಿದಿಡುವ ಕ್ಲಿಪ್ಪುಗಳು ಸಡಿಲಾಗಿದ್ದರೆ ಸುತ್ತಿಗೆಯಿಂದ ಬಡಿದು ಬಿಗಿ ಮಾಡುವುದು ಅವನ ಕೆಲಸ. ಮಧ್ಯಾಹ್ನ ಇಬ್ಬರೂ ನಿಲ್ದಾಣದ ಬೇವಿನ ಮರದಡಿ ಬುತ್ತಿ ಬಿಚ್ಚುತ್ತಿದ್ದರಂತೆ. ಅವನ ಮನೆಯ ಅಗಸಿ ಚಟ್ನಿಯನ್ನು ಮಾಸ್ತರು ಎಷ್ಟು ಹೊಗಳುತ್ತಿದ್ದರೆಂದರೆ, ಕಾಕು ಒಂದು ದಿನ "ಹಂಗಾರ ಅಲ್ಲೇ ಇರ್ರಿ" ಎಂದು ಬುತ್ತಿಯನ್ನೇ ಕಟ್ಟಲಿಲ್ಲ. ಅವನನ್ನು ನಾನು ಒಮ್ಮೆ ಮಾತ್ರ ನೋಡಿದ್ದೇನೆ. ಎತ್ತರದ ಮನುಷ್ಯ, ನಮ್ಮ ಅಂಗಳದಲ್ಲಿಯೂ ನೆಲ ನೋಡುತ್ತಲೇ ನಡೆಯುತ್ತಿದ್ದ.

ಅವನು ಸತ್ತ ದಿನದ ಕತೆಯನ್ನು ಮಾಸ್ತರು ಒಮ್ಮೆಗೇ ಹೇಳಿದ್ದಲ್ಲ. ವರ್ಷಗಟ್ಟಲೆ ತುಣುಕು ತುಣುಕಾಗಿ ಹೇಳಿದರು. ಅವನು ಸತ್ತಾಗ ನಾನು ಪಿಯುಸಿಯಲ್ಲಿದ್ದೆ.

ಅವತ್ತು ಅವನ ಕೆಲಸ ಮುಗಿದಿತ್ತು. ಸುತ್ತಿಗೆ, ಪಾನಾ, ಕೆಂಪು ಬಾವುಟ ಎಲ್ಲವನ್ನೂ ನಿಲ್ದಾಣದಲ್ಲಿಟ್ಟ. ಹಳಿಯ ಕೆಲಸದವರು ತೊಡಲೇಬೇಕಾದ, ಬೆವರು ಹತ್ತಿದ ಕಿತ್ತಳೆ ಬಣ್ಣದ ಜಾಕೀಟನ್ನು ನಳದ ಕೆಳಗೆ ಹಿಂಡಿ ಬೇಲಿಯ ತಂತಿಯ ಮೇಲೆ ಹರವಿದ. ಬರೀ ಅಂಗಿಯಲ್ಲಿ, ಬಸ್ಸು ಸಿಗುವ ರಸ್ತೆಯ ಕಡೆಗೆ ಹಳಿಗುಂಟ ನಡೆದ. ಆ ಕಡೆಯವರೆಲ್ಲ ಹಾಗೆಯೇ ನಡೆಯುತ್ತಿದ್ದರು. ದಾರಿಯಲ್ಲಿ ಒಂದು ಕ್ಲಿಪ್ಪು ಎದ್ದಿದ್ದು ಕಂಡಿರಬೇಕು. ಕೂತು ಕಲ್ಲಿನಿಂದ ಬಡಿಯತೊಡಗಿದ...

ಸ್ವಲ್ಪ ಹೊತ್ತಿಗೆ ಎಕ್ಸ್‌ಪ್ರೆಸ್ ಗಾಡಿಯ ಚಾಲಕ ನಿಲ್ದಾಣಕ್ಕೆ ತಿಳಿಸಿದ. ಹಳಿಗಳ ನಡುವೆ ಬಗ್ಗಿ ಕೂತ ಮನುಷ್ಯನಿಗೆ ಗಾಡಿ ಬಡಿದಿದೆ, ಸೀಟಿ ಹೊಡೆದರೂ ತಲೆ ಎತ್ತಲಿಲ್ಲ, ಮೈಮೇಲೆ ಬರೀ ಅಂಗಿ. ಮಾಸ್ತರು ಅದನ್ನು ಮೇಲಿನವರಿಗೆ ಫೋನಿನಲ್ಲಿ ಹೇಳಿದರು. ಆ ಕಡೆಯಿಂದ ಒಂದೇ ಪ್ರಶ್ನೆ ಬಂತು. ರೈಲ್ವೆಯ ನಮ್ಮವರೋ, ಹೊರಗಿನವರೋ? ಹಿಂದೆ ಇನ್ನೊಂದು ಗಾಡಿ ಕಾಯುತ್ತಿತ್ತು. ನಮ್ಮವರೆಂದರೆ ಅಧಿಕಾರಿಗಳು ಬರಬೇಕು, ಜಾಗ ನೋಡಬೇಕು, ಅಳೆಯಬೇಕು. ಹೊರಗಿನವರೆಂದರೆ ದೇಹವನ್ನು ಪಕ್ಕಕ್ಕೆ ಸರಿಸಿ ಗಾಡಿ ಬಿಡಬಹುದು.

ಮಾಸ್ತರು "ಹೊರಗಿನವರು, ಹಳಿ ದಾಟುವವರು" ಎಂದರು.

"ಜಾಕೀಟು ನನ್ನ ಕಿಟಕಿ ಎದುರಿಗೇ ಒಣಗಾಕತ್ತಿತ್ತು," ಎಂದು ಆಮೇಲೆ ಎಷ್ಟೋ ಸಲ ಹೇಳಿದರು. "ನೋಡ್ಕೋತನ ಅಂದೆ ತಂಗಿ. ಅದನ್ನ ನೋಡ್ಕೋತನ."

ಗಾಡಿ ಹೋಯಿತು. ಆಮೇಲೆ ಮಾಸ್ತರು ಅಲ್ಲಿಗೆ ಹೋದರು. ಮುಖ ನೋಡುವ ಮೊದಲೇ ಗುರುತು ಹತ್ತಿತಂತೆ. ಪಕ್ಕದಲ್ಲಿ ಕಲ್ಲು ಬಿದ್ದಿತ್ತು, ಕ್ಲಿಪ್ಪಿನ ಮೇಲೆ ಹೊಸದಾಗಿ ಬಡಿದ ಬಿಳಿ ಗುರುತಿತ್ತು. ಕ್ಲಿಪ್ಪು ಅರ್ಧ ಕೂತಿತ್ತು.

ಕೂಡಲೇ ಮತ್ತೆ ಫೋನು ಮಾಡಿ, ಮೊದಲು ಹೇಳಿದ್ದು ತಪ್ಪು, ಸತ್ತವನು ನಮ್ಮವನು, ಕೆಲಸ ಮಾಡುತ್ತಿದ್ದ ಎಂದರು. ಅಷ್ಟರಲ್ಲಿ ಮೊದಲಿನ ಮಾತು ಹೋಗಬೇಕಾದಲ್ಲಿಗೆಲ್ಲ ಹೋಗಿತ್ತು. ಬೇರೆ ಬೇರೆ ವಿಭಾಗದ ಮೇಲ್ವಿಚಾರಕರು ಬಂದು ವಿಚಾರಣೆಗೆ ಕೂತರು. ಕೆಲಸದ ವೇಳೆ ಮುಗಿದಿತ್ತೇ? ಮುಗಿದಿತ್ತು. ಸುತ್ತಿಗೆ ಎಲ್ಲಿತ್ತು? ನಿಲ್ದಾಣದಲ್ಲಿ. ಬಾವುಟ? ನಿಲ್ದಾಣದಲ್ಲಿ. ಜಾಕೀಟು? ತಂತಿಯ ಮೇಲೆ. ಅವನು ಬಡಿಯುವುದನ್ನು ನೀವು ಕಣ್ಣಾರೆ ಕಂಡಿರಾ? ಇಲ್ಲ. ಮಾಸ್ತರು ಪ್ರತಿಯೊಂದಕ್ಕೂ ನಿಜವನ್ನೇ ಹೇಳಿದರು, ಪ್ರತಿಯೊಂದು ನಿಜವೂ ಗೆಳೆಯನಿಗೆ ವಿರುದ್ಧವಾಗಿ ನಿಂತಿತು. ಕಲ್ಲಿನ ಗುರುತು ಯಾವಾಗಿನದೋ ಎಂದರು ವಿಚಾರಣೆಗೆ ಕೂತವರು. ಮೃತನ ಆಪ್ತರಾದ್ದರಿಂದ ಮಾಸ್ತರ ಹೇಳಿಕೆಗೆ ಹೆಚ್ಚು ತೂಕ ಕೊಡಲಾಗದು ಎಂದೂ ಬರೆದರು. ಮೊದಲಿನ ಮಾತೇ ಉಳಿಯಿತು.

ಕೆಲವು ತಿಂಗಳ ಮೇಲೆ ಅವನ ಹೆಂಡತಿ ಕುಪ್ಪೇಲೂರಿನಿಂದ ಬಂದಳು. ಕಾಕುಗೆ ಅವತ್ತು ಜ್ವರ, ಹಾಗಾಗಿ ಚಹಾ ಮಾಡಿಕೊಡಲು ನನ್ನನ್ನು ಕರೆದಿದ್ದರು. ಆಕೆ ಹೊಸ್ತಿಲ ಬಳಿಯೇ ಕೂತಳು.

"ಮ್ಯಾಲೆ ಕುಂದ್ರವಾ," ಎಂದರು ಮಾಸ್ತರು.

"ಇರ್ಲಿ ಬಿಡ್ರಿ. ಒಂದು ಮಾತು ಕೇಳಾಕ ಬಂದೇನಿ." ಆಕೆ ಸೆರಗಿನ ತುದಿ ಸುತ್ತುತ್ತಿದ್ದಳು. "ಅವತ್ತು ಮುಂಜಾನೆ ನಮ್ಮಿಬ್ಬರಿಗೂ ಜಗಳ ಆಗಿತ್ರಿ. ಅತ್ತಿ ಕೇಳಿಸ್ಕೊಂಡಿದ್ಲು. ನಿನ್ನ ಬಾಯಿಗೆ ಬ್ಯಾಸತ್ತು ನನ್ನ ಮಗ ಹಳಿಗೆ ತಲಿ ಕೊಟ್ಟಾನ ಅಂತಾಳ್ರಿ. ಕಾಗದದಾಗೂ ಹಂಗ ಐತಿ, ಕೆಲಸದಾಗ ಸತ್ತಿಲ್ಲ ಅಂತ. ನಾ ಹೇಳಿದ್ರ ನಂಬೂದಿಲ್ಲ. ನೀವು ನೋಡೀರಿ. ಒಮ್ಮೆ ಬಂದು ಅಕಿಗೆ ಹೇಳ್ರಿ."

ಮಾಸ್ತರು ಚಹಾದ ಕಪ್ಪನ್ನು ಪಕ್ಕಕ್ಕಿಟ್ಟರು. ಚಹಾ ಆರಿತು.

"ಬರ್ತೀನವಾ, ಖರೇನ ಬರ್ತೀನಿ. ಮ್ಯಾಲೆ ಅರ್ಜಿ ಹಾಕೇನಿ. ಅದು ತಿದ್ದಿ ಬರ್ಲಿ. ಕೈಯಾಗ ಕಾಗದ ಹಿಡಕೊಂಡ ಬರ್ತೀನಿ. ಬರೇ ಬಾಯಿಲೆ ಹೇಳಿದ್ರ ನನ್ನ ಮಾತಿಗೆ ಏನ್ ಕಿಮ್ಮತ್ತೈತಿ?"

"ಅತ್ತಿಗೆ ಓದಾಕ ಬರೂದಿಲ್ಲರಿ," ಎಂದಳು ಆಕೆ.

ಈ ಮಾತನ್ನು ಮಾಸ್ತರು ಕೇಳಿಸಿಕೊಂಡರೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಅವರ ವೃತ್ತಿಯಲ್ಲಿ ಗಾಡಿಯೊಂದು ಬಂತೆಂದು ಕಣ್ಣಿಗೆ ಕಂಡರೆ ಸಾಲದು, ಬಂದಿದೆ ಎಂದು ದಾಖಲಾದ ಮೇಲೆಯೇ ಬಂದಂತೆ. ಜೀವನವಿಡೀ ಹಾಗೆ ಬದುಕಿದವರು. ಒಮ್ಮೆ ಬಾಯಿಯಿಂದ ಬಿಟ್ಟ ಮಾತು ಏನು ಮಾಡಿತೆಂದು ಕಂಡವರು ಬೇರೆ. ಎರಡನೆಯ ಸಲ ಬರಿಗೈಯಲ್ಲಿ ಹೋಗಿ ಮಾತಾಡಲು ಅವರಿಗೆ ಧೈರ್ಯ ಸಾಲಲಿಲ್ಲ ಎಂದು ನಾನು ಅಂದುಕೊಂಡಿದ್ದೇನೆ.

ಅರ್ಜಿಗಳು ಹೋದವು. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು, ಆಮೇಲೆ ಅದೂ ಬರಲಿಲ್ಲ. ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ ಅವರು ನಿವೃತ್ತರಾದರು. ರಜೆಗೆ ಬಂದಾಗ ಕಾಕು ದೂರುತ್ತಿದ್ದರು. "ಕುಪ್ಪೇಲೂರು ಏನ್ ಪರದೇಶ ಐತೇನ? ಬಸ್ ಹತ್ತಿದ್ರ ಮುಗೀತು. ಹೋಗಿ ಬರ್ರಿ ಅಂದ್ರ ಕಾಗದ, ಕಾಗದ." ಮಾಸ್ತರು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಟ್ರ್ಯಾಕ್ಟರ್ ಹೋದರೂ ಏಳುತ್ತಿರಲಿಲ್ಲ.

ಹೋದ ಮಳೆಗಾಲದಲ್ಲಿ ತೀರಿಕೊಂಡರು. ಹೃದಯದ ತೊಂದರೆ. ನಾನು ಕಾಲೇಜಿನಲ್ಲಿದ್ದೆ, ಬರುವಷ್ಟರಲ್ಲಿ ಒಯ್ದಿದ್ದರು...

ಎಮ್ಮೆ ಸತ್ತ ಆ ವಾರದ ಭಾನುವಾರ ನಾನು ಕುಪ್ಪೇಲೂರಿನ ಬಸ್ಸು ಹತ್ತಿದೆ. ಯಾರಿಗೂ ಹೇಳಲಿಲ್ಲ. ಪರಿಚಯವಿಲ್ಲದ ಊರಿಗೆ ಹೋಗಿ ಮನೆ ಕೇಳುವುದು ನನ್ನ ಸ್ವಭಾವವಲ್ಲ, ಎರಡು ಸಲ ತಿರುಗಿ ಬಸ್‌ನಿಲ್ದಾಣದ ಕಡೆ ನಡೆದೆ. ಕೊನೆಗೆ ಅಂಗಡಿಯವರೊಬ್ಬರು ತೋರಿಸಿದರು.

ಆಕೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮುಖ ದಿಟ್ಟಿಸಿ, "ಮಾಸ್ತರ ಮನ್ಯಾಗ ಚಾ ಕೊಟ್ಟಾಕಿ ಅಲ್ಲೇನ ನೀನು?" ಎಂದಳು.

ನಾನು ಹೇಳಬೇಕಾದ್ದನ್ನು ಹೇಳಿದೆ. ಮಾಸ್ತರು ಹೋದರೆಂದು. ಅವರು ಕಲ್ಲು ನೋಡಿದ್ದರು, ಕ್ಲಿಪ್ಪಿನ ಮೇಲಿನ ಗುರುತು ನೋಡಿದ್ದರು, ನಿಮ್ಮ ಗಂಡ ಕೆಲಸ ಮಾಡುತ್ತಲೇ ಸತ್ತರೆಂದು ಕೊನೆಯವರೆಗೂ ಹೇಳುತ್ತಿದ್ದರೆಂದು. ನಿಮ್ಮ ಅತ್ತೆಗೂ ಹೇಳಿ ಹೋಗೋಣವೆಂದು ಬಂದೆ ಎಂದೆ.

ಆಕೆಯ ಕೈ ಮೊರದ ಮೇಲೆ ನಿಂತಿತು.

"ನನಗ ಗೊತ್ತಿತ್ತು ತಂಗಿ. ಜಗಳ ಆಗಿದ್ದೂ ಖರೇ. ಪಲ್ಲೆಕ್ಕ ಉಪ್ಪು ಹೆಚ್ಚಾಗಿತ್ತು, ಅದಕ್ಕ. ಅಷ್ಟಕ್ಕ ಸಾಯೋ ಮನಷಾ ಏನ ಅಂವ?" ನಗಲು ನೋಡಿದಳು. "ಅತ್ತಿ ಯುಗಾದಿ ಆದಮ್ಯಾಲೆ ಹೋದ್ಲು. ಹಾಸಿಗಿ ಹಿಡದಾಗ ನಾನ ಎಲ್ಲಾ ಮಾಡಿದೆ. ಎತ್ತಿ ಕುಂದರಿಸಿದ್ದು, ತೊಳದದ್ದು. ಆದ್ರ ನನ್ನ ಕೈಯಾಗಿನ ನೀರು ಮಾತ್ರ ಕುಡೀಲಿಲ್ಲ. ಕಡೀ ದಿನಾನೂ ಮಾರಿ ಆ ಕಡೆ ಹೊಳ್ಳಿಸಿದ್ಲು. ಬಾಜೂಮನಿ ಹುಡುಗಿನ್ನ ಕರದು ಬಾಯಾಗ ನೀರು ಹಾಕಿಸಿದೆ."

ಕೇಳಬೇಕಾದವಳು ಇರಲಿಲ್ಲ, ಹೇಳಬೇಕಾದವರೂ ಇರಲಿಲ್ಲ.

"ಮಾಸ್ತರು ಛಲೋ ಮನಷಾರು," ಎಂದಳು ಆಕೆ. "ಬರ್ತೀನಿ ಅಂದಿದ್ರು. ಅತ್ತಿ ಇರೂತನಾ ನಾ ದಾರಿ ನೋಡಿದೆ." ಮತ್ತೆ ಮೊರ ಎತ್ತಿಕೊಂಡು ಕೆಳಗಿಟ್ಟಳು. "ತಡಿ, ಚಾ ಇಡ್ತೀನಿ."

ಚಹಾ ಬೇಡ, ನೀರು ಕೊಡಿ ಎಂದೆ.

ಆಕೆ ಒಳಗೆ ಹೋಗಿ ತುಂಬಿದ ತಂಬಿಗೆ ತಂದಳು. ಎರಡೂ ಕೈಯಿಂದ ತೆಗೆದುಕೊಂಡೆ. ನಾನು ಕುಡಿದು ಮುಗಿಸುವವರೆಗೆ ಆಕೆ ಎದುರಿಗೇ ನಿಂತು ನೋಡುತ್ತಿದ್ದಳು.