ಆಂಟಿಯ ಅಡಿಟಿಪ್ಪಣಿ

ಕಳೆದ ವಾರ, ಪರದೇಶದಲ್ಲಿ ನಾವಿರುವ ಸೆಂಗ್‌ಕಾಂಗ್ ಬಡಾವಣೆಯ ಮಾಲಿನಲ್ಲಿ, ಝೆರಾಕ್ಸ್ ಅಂಗಡಿಯಿಂದ ಬಿಸಿ ಹಾಳೆಗಳ ವಾಸನೆ ಬಂದಾಗ ಸದಾ ಏನಾದರೊಂದು ಝೆರಾಕ್ಸ್ ಮಾಡಿಸುತ್ತಿದ್ದ ನಮ್ಮ ಎದುರು ಫ್ಲ್ಯಾಟಿನ ಆಂಟಿ ನೆನಪಾದರು. ಗದಗಿನವರು, ಮಗಳ ಮನೆಯಲ್ಲಿದ್ದರು. ತವರಿನ ಚರಿತ್ರೆ ಬರೆಯುತ್ತ, ಪ್ರತಿ ಸಂಗತಿಯ ಕೆಳಗೂ ಅದು ಎಲ್ಲಿ ಸಿಕ್ಕಿತೆಂದು ಸಣ್ಣಕ್ಷರದಲ್ಲಿ ನಮೂದಿಸುತ್ತಿದ್ದರು. ನೋಡಿದ್ದು ಅಚ್ಚಿನ ಪುಸ್ತಕವೋ, ಅದರ ಸ್ಕ್ಯಾನೋ ಎಂಬುದನ್ನೂ ಬಿಡುತ್ತಿರಲಿಲ್ಲ.

ಅವರ ಅಜ್ಜ ಕಂಪನಿ ನಾಟಕದಲ್ಲಿ ಪಾತ್ರ ಮಾಡುತ್ತಿದ್ದರೆಂದು ಮನೆಯವರೆಲ್ಲರ ನಂಬಿಕೆ. ಒಂದು ದಿನ ಇಂಟರ್ನೆಟ್ಟಿನಲ್ಲಿ, ನಟರನ್ನು ಪರಿಚಯಿಸುವ ಹಳೆಯ ಪುಸ್ತಕವೊಂದರ ಸ್ಕ್ಯಾನ್ ಸಿಕ್ಕಿತು. ಅದೇ ಹೆಸರು, ಜೊತೆಗೆ ರಾಜನ ವೇಷದ ಫೋಟೊ ಬೇರೆ. ಗದಗಿನಲ್ಲಿದ್ದ ಆಂಟಿಯ ತಮ್ಮ ಅದನ್ನು ಬಂಧುಗಳಿಗೆಲ್ಲ ಕಳಿಸಿಯೂಬಿಟ್ಟರು. ಆಂಟಿಗೆ ಮಾತ್ರ ಸಮಾಧಾನವಿಲ್ಲ. ಸ್ಕ್ಯಾನ್ ಮಾಡುವಾಗ ಪುಟದ ಅಂಚು ಹೋಗಿ, ನಟನ ಊರಿನ ಹೆಸರೇ ಕಾಣುತ್ತಿರಲಿಲ್ಲ.

ನಾನು ರಜೆಗೆ ಬೆಂಗಳೂರಿಗೆ ಹೊರಟಾಗ, ಅಲ್ಲಿನ ಲೈಬ್ರರಿಯೊಂದರಲ್ಲಿ ಅಚ್ಚಿನ ಪ್ರತಿ ನೋಡಿಬರಲು ಕೇಳಿಕೊಂಡರು. ನೋಡಿದೆ. ಊರು ಬೇರೆ, ತಂದೆಯ ಹೆಸರೂ ಬೇರೆ. ಇದನ್ನು ಹೇಗೆ ಹೇಳುವುದೆಂದು ವಿಮಾನದಲ್ಲೆಲ್ಲ ಯೋಚಿಸುತ್ತ ಬಂದೆ...

ಕೇಳಿ ಆಂಟಿ ನನ್ನೆದುರೇ ತಮ್ಮನಿಗೆ ಫೋನ್ ಮಾಡಿದರು. ಫೋಟೊ ಇದ್ದರೆ ಇರಲಿ, ಯಾರು ಹೋಗಿ ಚೆಕ್ ಮಾಡುತ್ತಾರೆ ಎಂದು ಆ ಕಡೆಯಿಂದ ತಮ್ಮ ವಾದಿಸುತ್ತಿದ್ದದ್ದು ನನಗೂ ಕೇಳಿಸಿತು.

“ಮಂದಿ ಅಜ್ಜನ್ನ ನಾವು ಹೆಂಗ ಇಟ್ಕೊಳ್ಳೂದೋ? ಅವರ ಮೊಮ್ಮಕ್ಕಳು ಹುಡುಕಾಕತ್ತಿರ್ತಾರ,” ಎಂದರು ಆಂಟಿ.

ತಮ್ಮ ಚರಿತ್ರೆಯಿಂದ ಆ ಫೋಟೊ ತೆಗೆದುಹಾಕಿದರು. ಅಜ್ಜ ನಾಟಕದಲ್ಲಿದ್ದರೆಂದು ಅವ್ವ ಹೇಳುತ್ತಿದ್ದಳು, ಬರಹದ ಆಧಾರ ಸಿಕ್ಕಿಲ್ಲ ಎಂದಷ್ಟೇ ಬರೆದರು. ಅದರ ಕೆಳಗೆ, ಸ್ಕ್ಯಾನ್ ನೋಡಿದ್ದು ತಾವು, ಅಚ್ಚಿನ ಪ್ರತಿ ನೋಡಿದ್ದು ಎದುರುಮನೆಯ ಹುಡುಗಿ ಎಂದು ನನ್ನ ಹೆಸರು ಹಾಕಿದರು. ಆಫೀಸಿನ ಯಾವ ಅವಾರ್ಡೂ ನನಗೆ ಅಷ್ಟು ಹೆಮ್ಮೆ ತಂದಿಲ್ಲ.

ತಮ್ಮ ಕೆಲವು ತಿಂಗಳು ಮಾತು ಬಿಟ್ಟಿದ್ದರು. ಅಕ್ಕನ ಪುಸ್ತಕ ಅಚ್ಚಾಗಿ ಕೈಗೆ ಬಂದ ಮೇಲೆ ಮನೆಗೆ ಬಂದವರಿಗೆಲ್ಲ ತೋರಿಸಿ, “ನಮ್ಮ ಅಕ್ಕ ಬರದದ್ದರಾಗ ಒಂದು ಸುಳ್ಳಿಲ್ಲ,” ಎನ್ನುತ್ತಿದ್ದರಂತೆ. ಅದನ್ನು ನನಗೆ ಹೇಳುವಾಗ ಆಂಟಿಯ ಮುಖ ನೋಡಬೇಕಿತ್ತು...

ಆಂಟಿ ತೀರಿಕೊಂಡ ಮೇಲೆ ಮಗಳ ಮನೆಯವರು ದೂರದ ಬೂನ್ ಲೇ ಬಡಾವಣೆಗೆ ಶಿಫ್ಟ್ ಆದರು. ನಾನೀಗ ನಮ್ಮ ಮನೆತನದ್ದು ಬರೆಯಲು ಕೂತಿದ್ದೇನೆ. ನಿನ್ನೆ ಒಂದು ಸ್ಕ್ಯಾನಿನಲ್ಲಿ ಮುತ್ತಜ್ಜಿಯ ಹೆಸರು ಮೊದಲ ಸಲ ಕಂಡಿತು. ಖುಷಿಯಲ್ಲಿ ಲ್ಯಾಪ್‌ಟಾಪ್ ಎತ್ತಿಕೊಂಡು ಬಾಗಿಲು ತೆರೆದೇಬಿಟ್ಟೆ. ಎದುರು ಬಾಗಿಲ ಮುಂದೆ ಯಾರದೋ ಮಕ್ಕಳ ಶೂಗಳಿದ್ದವು.