ಸಾಯುವ ಮರದ ಚಿಗುರು

ಲೋವೀ ಟ್ರಿವೆಟ್ಟಳ ಮಗಳ ಸಮಾಧಿಗೆ ಕಲ್ಲು ಇರಲಿಲ್ಲ, ಒಂದು ಡಾಗ್‌ವುಡ್ ಮರವಿತ್ತು. ಕೂಸು ಗಂಟಲುಬೇನೆಯಿಂದ ಸತ್ತಾಗ ಅವಳ ಗಂಡ ಗುಡ್ಡದ ಕಾಡಿನಿಂದ ಸಸಿಯನ್ನು ಮಣ್ಣು ಸಮೇತ ಒದ್ದೆ ಗೋಣಿಯಲ್ಲಿ ಸುತ್ತಿ ತಂದು ನೆಟ್ಟಿದ್ದ. ನಮ್ಮ ಕಣಿವೆಯಲ್ಲಿ ಮಕ್ಕಳಿಗೆ ಹಾಗೆಯೇ ಮಾಡುತ್ತಿದ್ದರು. ಗಂಡನೂ ಹೋದ ಮೇಲೆ ಅವಳಿಗೆ ಉಳಿದದ್ದು ಆ ಮರ. ವಸಂತದಲ್ಲಿ ಅದು ಬೆಳ್ಳಗೆ ಅರಳಿದ ದಿನ ಇಗರ್ಜಿಯ ಮೆಟ್ಟಿಲ ಮೇಲೆ ನಿಂತು, “ನಮ್ಮ ಪಾಪು ಎದ್ದಿದಾಳೆ,” ಎನ್ನುತ್ತಿದ್ದಳು.

ಎಂಬತ್ತರ ದಶಕದಲ್ಲಿ ಕಾಡಿನ ಡಾಗ್‌ವುಡ್‌ಗಳಿಗೆ ರೋಗ ಬಂತು. ಮೊದಲು ಎಲೆಯ ಮೇಲೆ ನೇರಳೆ ಅಂಚಿನ ಕಂದು ಚುಕ್ಕೆ, ಆಮೇಲೆ ಕೆಳಗಿನ ಕೊಂಬೆಗಳಿಗೆ ಸಾವು. ಸತ್ತ ಎಲೆಗಳು ಚಳಿಗಾಲದಲ್ಲೂ ಉದುರದೆ ನೇತಾಡುತ್ತಿದ್ದವು. ಲೋವೀಯ ಮರಕ್ಕೂ ಅದು ತಗುಲಿತು. ಮರಕ್ಕೆ ಬಾಯಾರಿಕೆ ಎಂದು ತಿಳಿದು ಅವಳು ದಿನವೂ ಸಂಜೆ ಪೈಪು ಹಿಡಿದು ಎಲೆಗಳನ್ನೆಲ್ಲ ತೊಳೆದಳು. ಆ ರೋಗ ತರುವ ಬೂಷ್ಟಿಗೆ ಬೇಕಾದದ್ದೂ ಒದ್ದೆ ಎಲೆಯೇ.

ಮರುವರ್ಷ ಬೋಳು ಕಾಂಡದ ತುಂಬ ದಪ್ಪ ಚಿಗುರು ಒಡೆಯಿತು. ಮರ ಬದುಕಿತೆಂದು ಅವಳು ಊರೆಲ್ಲ ಹೇಳಿಕೊಂಡು ಬಂದಳು. ಅರಣ್ಯ ಇಲಾಖೆಯ ಡ್ವೈಟ್ ಹಿಕ್ಸ್ ನೋಡಿ ಅಡ್ಡಡ್ಡ ತಲೆಯಾಡಿಸಿದ.

“ಇದು ಚೇತರಿಕೆ ಅಲ್ಲಮ್ಮ. ಸಾಯೋ ಮರ ಹೀಗೆ ಚಿಗುರುತ್ತೆ. ರೋಗ ಈ ಎಳೆ ರೆಂಬೆಗಳಿಂದಲೇ ಕಾಂಡಕ್ಕೆ ಇಳಿಯೋದು. ಇವನ್ನ ಸವರಿಬಿಟ್ರೆ ಮರ ಉಳಿದ್ರೂ ಉಳೀಬಹುದು.”

“ಹಸಿರಾಗಿರೋದನ್ನ ಕತ್ತರಿಸಿ ಬೋಳಾಗಿರೋದನ್ನ ಇಟ್ಕೋಬೇಕಾ? ಯಾವ ಸ್ಕೂಲಲ್ಲಿ ಕಲಿತ್ಯಪ್ಪ ಇದನ್ನ?”

ಸ್ಮಶಾನ ನೋಡಿಕೊಳ್ಳುತ್ತಿದ್ದ ಅವಳ ಮೈದುನ ಹೋಬರ್ಟ್ ಗೊಣಗಿದ: “ಅವರು ಹೇಳೋದು ಕೇಳಿ ಅತ್ತಿಗೆ. ನಿಮ್ಮ ತಲೆಗೂ ಅದೇ ರೋಗ ಹತ್ತಿದೆ.”

“ನಿನ್ನ ತಲೇಲಿ ಹತ್ತೋಕೆ ಒಂದು ಎಲೇನೂ ಇಲ್ವಲ್ಲೋ, ಬೋಳ!”

ಊರ ಶಾಲೆಯ ಟೀಚರಾದ ನಾನೂ ಡ್ವೈಟ್ ಹೇಳಿದ್ದು ಸರಿ ಎಂದೆ. “ಟೀಚರ್, ನೀವು ಹೆತ್ತವರಲ್ಲ,” ಎಂದಳು.

ಚಿಗುರು ಒಂದೊಂದೇ ಕಪ್ಪಾಯಿತು. ಅದು ಹುಟ್ಟಿದ ಕಡೆಯೆಲ್ಲ ತೊಗಟೆ ಕುಸಿದು ಹುಣ್ಣಾಯಿತು. ಸೊರಗಿದ ಕಾಂಡವನ್ನು ಹುಳು ಕೊರೆಯಿತು. ಬುಡದಲ್ಲಿ ಹೊಟ್ಟು ಬಿತ್ತು. ಕೊನೆಗೆ ಹೋಬರ್ಟ್ ಮರ ಕಡಿದ.

“ಗುರುತಿಗೆ ಒಂದು ಕಲ್ಲು ಇಡೋಣ ಅತ್ತಿಗೆ.”

“ಬುಡ ಇದೆಯಲ್ಲ, ಚಿಗುರುತ್ತೆ. ಅದರ ನೆತ್ತಿ ಮೇಲೆ ಕಲ್ಲು ಹೇರ್ತೀಯಾ?”

ಬುಡ ಚಿಗುರಿತು ಕೂಡ. ಆ ಎಲೆಗಳ ಮೇಲೂ ಅದೇ ಚುಕ್ಕೆ ಬಂತು. ಅವಳು ಕಾಯುತ್ತಲೇ ಇದ್ದಳು. ಬುಡ ಕೊಳೆತು ಮೆತ್ತಗಾಗಿ ಮಣ್ಣಾಯಿತು, ಅದರ ಮೇಲೆ ಹುಲ್ಲು ಹಬ್ಬಿತು. ಅಷ್ಟರಲ್ಲಿ ಹೋಬರ್ಟ್ ತೀರಿಕೊಂಡಿದ್ದ.

ಸಮಾಧಿಗಳಿಗೆ ಹೂವಿಡುವ ಮೇ ತಿಂಗಳ ಭಾನುವಾರ ಎಲ್ಲರೂ ತಮ್ಮ ತಮ್ಮವರ ಕಲ್ಲುಗಳ ಬಳಿ ಮಂಡಿಯೂರಿದ್ದರು. ಲೋವೀ ಕಾಗದದ ಹೂವಿನ ಗೊಂಚಲು ಹಿಡಿದು ಹುಲ್ಲಿನಲ್ಲಿ ಒಂದು ಕಡೆ ನಿಂತಳು. ಮತ್ತೆ ಆಚೆ ಸರಿದು ನಿಂತಳು.

“ಟೀಚರ್, ಇಲ್ಲೇ ಅಲ್ವಾ?”

ಗೊತ್ತಿಲ್ಲ ಎಂದೆ.

ಅವಳು ಗೊಂಚಲಿನ ದಾರ ಬಿಚ್ಚಿ, ಬಗ್ಗಿ ಬಗ್ಗಿ ಒಂದೊಂದೇ ಹೂವನ್ನು ಆ ಹುಲ್ಲಿನ ಉದ್ದಗಲಕ್ಕೂ ಇಡುತ್ತಾ ಹೋದಳು. ಅರ್ಧಕ್ಕೇ ಹೂವು ಮುಗಿಯಿತು.