ಸೆವಸ್ತಿ ಚಿಕ್ಕಮ್ಮನ ಎರಡು ಕೋಣೆ
ಬಂದರಿನಲ್ಲಿ ಹಡಗು ಕೂಗಿತೆಂದರೆ, ದ್ವೀಪದ ಹಳೆಯ ಸಾಮಾನುಗಳನ್ನಿಟ್ಟ ಎರಡು ಕೋಣೆಯ ಮ್ಯೂಸಿಯಂ ಕಾಯುವ ಸೆವಸ್ತಿ ಚಿಕ್ಕಮ್ಮ ಊದಿದ ಕಾಲುಗಳನ್ನು ಚಪ್ಪಲಿಗೆ ತುರುಕಿ, "ಬಂದ್ರಪ್ಪ, ಮತ್ತೆ ಬಂದ್ರು" ಎನ್ನುತ್ತ ಬೀಗದ ಕೈ ಹಿಡಿದು ಏಳುತ್ತಾಳೆ. ನೋಡಲು ಬಂದ ಪ್ರವಾಸಿಗಳಿಗೆ ಮೂವತ್ತು ವರ್ಷದಿಂದ ಒಂದೇ ಮಾತು: "ಇದು ಮಗ್ಗ, ಮುಟ್ಟಬೇಡಿ. ಇದು ಹಿಟ್ಟು ನಾದೋ ಮರಿಗೆ, ಇದನ್ನೂ ಮುಟ್ಟಬೇಡಿ." ಇಗರ್ಜಿಯಲ್ಲಿ ಸಂತನ ಪಟಕ್ಕೆ ಮುತ್ತಿಡಲು ಬಗ್ಗಿದವರಿಗೂ ಒಮ್ಮೆ ಹಾಗೇ ಅಂದುಬಿಟ್ಟಳೆಂದು ಊರವರು ನಗುತ್ತಾರೆ. ಸತ್ತವರ ಮನೆಯಿಂದ ಯಾರಾದರೂ ಇಸ್ತ್ರಿಪೆಟ್ಟಿಗೆ ಹೊತ್ತು ತಂದರೆ, "ಆಗ್ಲೇ ಏಳಿವೆ ಕಣೋ, ಇದನ್ನ ನನ್ನ ತಲೆ ಮೇಲೆ ಇಟ್ಕೊಳ್ಲಾ?" ಎಂದು ಗೊಣಗಿ, ಇಸಿದುಕೊಂಡು, ಒರೆಸಿ, ಎಂಟು ಎಂದು ಚೀಟಿ ಅಂಟಿಸುತ್ತಾಳೆ. ಅಲ್ಲಿ ಚೀಟಿಯಿಲ್ಲದ್ದು ಒಂದೇ: ನೋಡಲೆಂದು ಇಟ್ಟ ಹಳೆಯ ಮಂಚದ ಮೇಲ್ಗಡೆ ಗಾಜಿನ ಪೆಟ್ಟಿಗೆಯಲ್ಲಿರುವ, ಮದುವೆಯ ಮೇಣದ ಹೂಕಿರೀಟ. ಗಂಡಿಗೊಂದು ಹೆಣ್ಣಿಗೊಂದು, ರಿಬ್ಬನ್ನಿನಿಂದ ಜೋಡಿಸಿರಬೇಕಾದದ್ದು. ಇಲ್ಲಿರುವುದು ಒಂದೇ, ರಿಬ್ಬನ್ ಕತ್ತರಿಸಿದೆ. "ಇನ್ನೊಂದೆಲ್ಲಿ?" ಎಂದು ಮೊನ್ನೆ ಹಡಗಿಳಿದು ಬಂದ ಹುಡುಗಿಯೊಬ್ಬಳು ಕೇಳಿದಳು. ಯಾರೂ ಕೂರಬಾರದ ಆ ಮಂಚದ ಅಂಚಿಗೆ ಸೆವಸ್ತಿ ತಾನೇ ಕೂತಳು. "ನಮ್ಮನೆಯವ್ರ ಜೊತೆ ಮಣ್ಣಿಗಿಟ್ಟೆ." "ಹಾಗಾದ್ರೆ ಇದಕ್ಕೆ ಚೀಟಿ ಯಾಕಿಲ್ಲ?" "ಇದು ಮ್ಯೂಸಿಯಂದಲ್ಲ ಮಗಳೇ, ನಾನು ಹೋಗೋವಾಗ ನನ್ನ ಜೊತೆ ಬರೋದು," ಎಂದು ಸೆವಸ್ತಿ ಕೈ ಚಾಚಿ ಗಾಜಿನ ಬಾಗಿಲು ತೆಗೆದಳು. "ಬೇಕಾದ್ರೆ ಮುಟ್ಟು."